ಬಿಟ್ಟಿ ವೈಫೈ, ಮುಟ್ಟಬಾರದ ಮೈಕು ಮತ್ತು ನನ್ನ ಅತ್ತೆ

ಮಾನ್ಯ ಬಸ್ ನಿಲ್ದಾಣದ ವ್ಯವಸ್ಥಾಪಕರೇ,

ನನ್ನ ಅತ್ತೆಯವರ ಮೇಲೆ ತಾವು ಹೊರಡಿಸಿದ ನೋಟಿಸು ನಮ್ಮ ಮನೆ ತಲುಪಿದೆ. ನಿಲ್ದಾಣದ ಮೈಕನ್ನು ಅನುಮತಿಯಿಲ್ಲದೆ ಬಳಸಿ, 'ಅಪರಿಚಿತ ಧ್ವನಿಯೊಂದರಿಂದ ಪ್ರಯಾಣಿಕರಲ್ಲಿ ಗೊಂದಲ ಉಂಟುಮಾಡಿದ' ಆರೋಪ ಅವರ ಮೇಲಿದೆ. ಸಮಜಾಯಿಷಿ ಕೊಟ್ಟು, ಅದು ತಮಗೆ ಒಪ್ಪಿಗೆಯಾಗುವವರೆಗೆ ಅವರು ನಿಲ್ದಾಣದ ಆವರಣದೊಳಗೆ ಕಾಲಿಡಕೂಡದೆಂದು ಅಪ್ಪಣೆಯಾಗಿದೆ. ಸಮಜಾಯಿಷಿಯನ್ನು ಅವರು ಕೊಡುವುದಿಲ್ಲವಂತೆ. "ನಾನು ಸರಿಯಾಗೇ ಹೇಳಿದ್ದೀನಿ, ಎರಡು ಸಲ ಹೇಳಿದ್ದೀನಿ" ಎನ್ನುತ್ತಾರೆ. ಆದ್ದರಿಂದ ನಾನು ಕೊಡುತ್ತಿದ್ದೇನೆ, ಅದೂ ಪತ್ರಿಕೆಯ ಮೂಲಕ. ತಮ್ಮ ಕಚೇರಿಗೆ ನೇರವಾಗಿ ಬರೆದ ಕಾಗದಗಳ ಗತಿ ಏನಾಗುತ್ತದೆಂದು ನಿಲ್ದಾಣದ ಎದುರಿಗೇ ಕೂತಿರುವ ನನಗೆ ಚೆನ್ನಾಗಿ ಗೊತ್ತು.

ಅತ್ತೆಯ ಪರವಾಗಿ ಸೊಸೆ ವಕಾಲತ್ತು ವಹಿಸುವುದು ಲೋಕರೂಢಿಗೆ ವಿರುದ್ಧವೆಂದು ಬಲ್ಲೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬರಲೆಂದು ನಾನೂ ಬಹಳ ವರ್ಷ ಕಾದವಳೇ, ಆದರೆ ಅದು ತಮ್ಮ ನೋಟಿಸಿನ ರೂಪದಲ್ಲಿ ಬರುವುದು ನನಗೆ ಬೇಕಿರಲಿಲ್ಲ. ನಾನು ದರ್ಜಿ. ನಿಲ್ದಾಣದ ಮುಖ್ಯದ್ವಾರದ ಎದುರು, ರಸ್ತೆಯಾಚೆ, ನೀಲಿ ಬಾಗಿಲಿನ ಹೊಲಿಗೆ ಅಂಗಡಿ ನನ್ನದು, ಮನೆ ಅದರ ಮೇಲೆಯೇ. ತಾವು ಇಲ್ಲಿಗೆ ವರ್ಗವಾಗಿ ಬಂದ ಹೊಸದರಲ್ಲಿ ಕೋಟಿನ ಒಳಪದರದ ಹೊಲಿಗೆ ಬಿಚ್ಚಿಕೊಂಡಿತೆಂದು ಜವಾನನ ಕೈಲಿ ಕಳುಹಿಸಿದ್ದು ನೆನಪಿರಬಹುದು. ಅತ್ತೆಯವರು ಇದೇ ನಿಲ್ದಾಣದಲ್ಲಿ ಬಸ್ಸುಗಳ ಬರುವಿಕೆ, ಹೋಗುವಿಕೆಯನ್ನು ಮೈಕಿನಲ್ಲಿ ಕೂಗಿ ಹೇಳುವ ಕೆಲಸದಲ್ಲಿದ್ದು ನಿವೃತ್ತರಾದವರು. ಡ್ರೈವರುಗಳಿಂದ ಮೂಟೆ ಹೊರುವವರವರೆಗೆ ಎಲ್ಲರೂ ಅವರನ್ನು ಮೈಕಮ್ಮ ಎಂದೇ ಕರೆಯುತ್ತಾರೆ. ವೃತ್ತಿ ಮುಗಿದರೂ ರೂಢಿ ಮುಗಿದಿಲ್ಲ. ಇಂದಿಗೂ ಅವರು ಪ್ರತಿಯೊಂದನ್ನೂ ಕೊನೆಯ ಪ್ಲಾಟ್‌ಫಾರ್ಮಿಗೆ ಕೇಳುವಂತೆ, ಬಿಡಿಸಿ, ಎರಡು ಸಲ ಹೇಳುತ್ತಾರೆ. "ಊಟ ಸಿದ್ಧವಾಗಿದೆ. ಮತ್ತೊಮ್ಮೆ, ಊಟ ಸಿದ್ಧವಾಗಿದೆ." ಇಂಥ ತಾಯಿಗೆ ಹುಟ್ಟಿದ ನನ್ನ ಯಜಮಾನರಿಗೆ ಬಾಯಿ ತೆರೆಯುವ ಪ್ರಸಂಗವೇ ಬಂದಿಲ್ಲ. ಮದುವೆಗೆ ಒಪ್ಪಿಗೆ ಕೇಳಿದಾಗಲೂ ತಲೆಯಾಡಿಸಿದ್ದರು ಅಷ್ಟೆ.

ನಿವೃತ್ತರಾದವರು ಸುಮ್ಮನೆ ಕೂರಲಿಲ್ಲ. ಫೋನಿನಲ್ಲಿ ಕಥೆ ಹೇಳಿ ಮುದ್ರಿಸತೊಡಗಿದರು. ನಿಲ್ದಾಣದಲ್ಲಿ ಮರೆತುಹೋದ ಸಾಮಾನುಗಳನ್ನು ಇಡುವ ಕೋಣೆಯೊಂದಿದೆಯಲ್ಲ, ಅವರ ಕಥೆಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ಒಂದು ಕೊಡೆ, ಒಂದು ಹಲ್ಲುಸೆಟ್ಟು, ಯಾರೂ ಹುಡುಕಿಕೊಂಡು ಬಾರದ ಒಂದು ತಬಲ. ಕೊಡೆಯನ್ನು ಮರೆತವರು ಯಾರು, ಮರೆತು ಎಲ್ಲಿಗೆ ಹೋದರು, ಅಲ್ಲಿ ಮಳೆ ಬಂತೇ, ಬಂದಾಗ ಯಾರ ಕೊಡೆಯೊಳಗೆ ನುಸುಳಿದರು ಎಂದು ಕಥೆ ಬೆಳೆಯುತ್ತದೆ. ಸಂಜೆ ನಿಲ್ದಾಣದ ನಿರೀಕ್ಷಣಾ ಕೊಠಡಿಯ ಮೂಲೆ ಬೆಂಚಿನಲ್ಲಿ ಕೂತು ಹೇಳಿ, ಅಲ್ಲಿಯೇ ಇಂಟರ್ನೆಟ್ಟಿನ ತಮ್ಮ ಕಥೆಯ ಪುಟಕ್ಕೆ ಏರಿಸಿ ಮನೆಗೆ ಬರುತ್ತಾರೆ. ಮನೆಯಲ್ಲೇ ಹೇಳಿ ಎಂದರೆ ಕೇಳುವುದಿಲ್ಲ. ನನ್ನ ಹೊಲಿಗೆ ಯಂತ್ರದ ಸದ್ದು ಕಥೆಗೆ ಅಡ್ಡ ಬರುತ್ತದಂತೆ, ಬಸ್ಸಿನ ಹಾರ್ನು ಅಡ್ಡ ಬರುವುದಿಲ್ಲವಂತೆ! ಆಸ್ಪತ್ರೆಯ ದಾದಿಯರು, ದೂರದ ರೂಟಿನ ಡ್ರೈವರುಗಳು, ಗುಂಡಿಗೆ ಕಾಜ ಹೊಲಿಯುತ್ತ ಕೂತ ನನ್ನಂಥವರು, ಹೀಗೆ ದೊಡ್ಡದೊಂದು ಕೇಳುಗ ಬಳಗವೇ ಅವರಿಗಿದೆ. ನಾನು ಕೇಳುತ್ತೇನೆಂದು ಅವರಿಗೆ ಗೊತ್ತಿಲ್ಲ. ಈ ಪತ್ರ ಓದಿ ಗೊತ್ತಾಗಲಿದೆ, ಆಗಲಿ.

ಇನ್ನು ತಮ್ಮ ಉಚಿತ ಇಂಟರ್ನೆಟ್ಟಿನ ವಿಷಯ. ತಾವು ಬಂದ ಮೇಲೆ ನಿಲ್ದಾಣಕ್ಕೆ ವೈಫೈ ಬಂತು, ಸಂತೋಷ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಪೈಕಿಯೇ ನಾವೂ. ಅದರ ಫಲಕವನ್ನು ದ್ವಾರದ ಮೇಲೆ, ನನ್ನ ಅಂಗಡಿಯಿಂದ ಸೂಜಿಗೆ ದಾರ ಪೋಣಿಸುವಾಗಲೂ ಕಾಣುವಷ್ಟು ದೊಡ್ಡದಾಗಿ ಹಾಕಿಸಿದಿರಿ. ಫಲಕದ ಮುಕ್ಕಾಲು ಭಾಗ ತಮ್ಮ ನಗುಮುಖ. ಉಳಿದ ಕಾಲು ಭಾಗದಲ್ಲಿ 'ಇಲ್ಲಿ ಉಚಿತ ಇಂಟರ್ನೆಟ್ ಲಭ್ಯ, ಸದುಪಯೋಗಪಡಿಸಿಕೊಳ್ಳಿ'. ಆ ಇಂಟರ್ನೆಟ್ಟಿನ ಹೆಸರೇನು? ಫಲಕದಲ್ಲಿಲ್ಲ. ಹಿಡಿಯುವುದು ಹೇಗೆ, ಅದು ನಮ್ಮಿಂದ ಏನು ಕೇಳುತ್ತದೆ, ಏನು ಕೇಳುವುದಿಲ್ಲ? ಅದೂ ಇಲ್ಲ. ಬೋರ್ಡಿಲ್ಲದ ಬಸ್ಸನ್ನು ಪ್ಲಾಟ್‌ಫಾರ್ಮಿಗೆ ತಂದು ನಿಲ್ಲಿಸಿ 'ಹತ್ತಿ, ಉಚಿತ' ಎಂದರೆ ಯಾರಾದರೂ ಹತ್ತುತ್ತಾರೆಯೇ? ಫೋನು ಕೈಲಿದ್ದರೆ ಮಾತ್ರ ನಾವು ಹತ್ತಿಬಿಡುತ್ತೇವೆ. ಮೂಲೆ ಬೆಂಚಿನಲ್ಲಿ ಕೂತು ಹುಡುಕಿದವರಿಗೆ ಎರಡು ಹೆಸರು ಕಾಣುತ್ತಿದ್ದವು. ಒಂದು 'ನಿಲ್ದಾಣ ಉಚಿತ', ಇನ್ನೊಂದು 'ನಿಲ್ದಾಣ ಉಚಿತ ಹೊಸದು'. ಮೊದಲನೆಯದು ಆ ಮೂಲೆಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಎರಡನೆಯದು ದಷ್ಟಪುಷ್ಟವಾಗಿತ್ತು. ತಾವಾಗಿದ್ದರೆ ಯಾವುದನ್ನು ಒತ್ತುತ್ತಿದ್ದಿರಿ?

ಅತ್ತೆ ಹೊಸದನ್ನು ಒತ್ತಿದರು. ತಕ್ಷಣ ನಿಲ್ದಾಣದ ಹೆಸರು, ಬಸ್ಸಿನ ಚಿತ್ರ, ಕೆಳಗೆ ಎರಡು ಖಾಲಿ ಜಾಗವಿದ್ದ ಪುಟವೊಂದು ತೆರೆಯಿತು. ಇಮೇಲ್ ಯಾವುದು, ಅದರ ಪಾಸ್‌ವರ್ಡ್ ಏನು ಎಂದು ಕೇಳಿತು. ಅತ್ತೆ ತುಂಬಿದರು. ಏಕೆ ತುಂಬಿದಿರಿ ಎಂದು ಆಮೇಲೆ ನನ್ನ ನಾದಿನಿ ಕೇಳಿದಾಗ ಅವರು ಕೊಟ್ಟ ಉತ್ತರವನ್ನು ತಾವು ಗಮನವಿಟ್ಟು ಓದಬೇಕು. "ನಿಲ್ದಾಣ ಕೇಳ್ತು, ಹೇಳ್ದೆ. ನಿಲ್ದಾಣದ ಹೆಸರಲ್ಲಿ ಬಂದಿದ್ದು ಸುಳ್ಳಿರಲ್ಲ ಅಂತ ಜನಕ್ಕೆ ನಂಬ್ಸಿದ್ದೇ ನಾನು ಕಣೇ. ನಾನೇ ನಂಬ್ದೆ ಇದ್ರೆ ಹೇಗೆ?" ಬಸ್ಸು ತಡವಾದರೆ ತಡ, ರದ್ದಾದರೆ ರದ್ದು, ಸೇವಾವಧಿಯುದ್ದಕ್ಕೂ ಒಂದು ಸುಳ್ಳನ್ನು ಮೈಕಿನಲ್ಲಿ ಹೇಳಿದವರಲ್ಲ. ಅವರು ಮೋಸಹೋದದ್ದು ಆಸೆಯಿಂದಲ್ಲ, ತಮ್ಮ ಸಂಸ್ಥೆಯ ಮೇಲಿನ ನಂಬಿಕೆಯಿಂದ.

ಇಲ್ಲೊಂದು ಸಂಗತಿಯನ್ನು ಮುಚ್ಚಿಡದೆ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ತಾವು ಅದನ್ನು ನೋಟಿಸಿನಲ್ಲಿ ಎತ್ತಿ ಆಡಿ, ಕೇಳಿಸಿಕೊಂಡವರು ಯಾರೋ ಕದ್ದಿರಬೇಕೆಂದಿದ್ದೀರಿ. ಪಾಸ್‌ವರ್ಡ್ ಒತ್ತುವಾಗ ಅತ್ತೆ ಅದನ್ನು ಬಾಯಿಬಿಟ್ಟು ಓದಿದ್ದು ನಿಜ. ಅಕ್ಷರ ಅಕ್ಷರ ಬಿಡಿಸಿ ಓದಿದ್ದು ನಿಜ. 'ಮತ್ತೊಮ್ಮೆ' ಎಂದು ಇನ್ನೊಂದು ಸಲ ಓದಿದ್ದೂ ನಿಜ. ಅದು ತಪ್ಪೇ, ಮನೆಯಲ್ಲಿ ಎಲ್ಲರೂ ಸೇರಿ ತರಾಟೆಗೆ ತೆಗೆದುಕೊಂಡಿದ್ದೇವೆ. ನನ್ನ ಯಜಮಾನರೂ "ಅಮ್ಮಾ" ಎಂದರು, ಅವರ ಮಟ್ಟಿಗೆ ಅದೊಂದು ಭಾಷಣ. ಆದರೆ ಕೊಠಡಿಯಲ್ಲಿ ಆಗ ಇದ್ದದ್ದು ಬಾಯಿ ತೆರೆದು ನಿದ್ದೆ ಹೋಗಿದ್ದ ಕಂಡಕ್ಟರೊಬ್ಬರು ಮತ್ತು ಚಹಾದವನು. ಗೊರಕೆ ಹೊಡೆಯುವವರ ಮೇಲೂ ಚಹಾ ಸೋಸುವವರ ಮೇಲೂ ಕಳ್ಳತನ ಹೊರಿಸುವ ಮೊದಲು ಆ ಎರಡು ಖಾಲಿ ಜಾಗಗಳ ಹಿಂದೆ ಯಾರು ಕೂತಿದ್ದರೆಂದು ನೋಡಬೇಡವೇ?

ಮರುದಿನ ಬೆಳಿಗ್ಗೆ ಫೋನುಗಳು ಶುರುವಾದವು. ಮೊದಲನೆಯದು ಒಬ್ಬ ಡ್ರೈವರಣ್ಣನದು. "ಮೈಕಮ್ಮ, ಆ ಪುಡಿ ನೀವೂ ತಗೋತಿದ್ದೀರಾ?" ಯಾವ ಪುಡಿ ಎಂದರೆ ತೆಳ್ಳಗಾಗುವ ಪುಡಿ. ಅತ್ತೆಯ ಕಥೆಯ ಪುಟದಲ್ಲಿ, ಅತ್ತೆಯ ಫೋಟೋದ ಪಕ್ಕದಲ್ಲೇ, ಸೊಂಟ ಕರಗಿಸುವ ಪುಡಿಯ ಜಾಹೀರಾತು ಕೂತಿತ್ತು. ನನ್ನ ಅತ್ತೆಯ ರವಿಕೆಯ ಅಳತೆ ಬಲ್ಲವಳು ನಾನು. ಆ ಪುಡಿಗೆ ಅವರಿಗಿಂತ ಅಪಾಯಕಾರಿ ರೂಪದರ್ಶಿ ಸಿಗಲಾರರು. ನಾವು ನಕ್ಕೆವು. ಅತ್ತೆಯೂ ಒಂದು ಗಳಿಗೆ ನಕ್ಕರು. ಆಮೇಲೆ ಪುಟವನ್ನು ಕೆಳಕ್ಕೆ ಸರಿಸಿ ನೋಡಿದರೆ ಕಥೆಗಳು ಇಲ್ಲ. ಕೊಡೆಯಿಲ್ಲ, ಹಲ್ಲುಸೆಟ್ಟಿಲ್ಲ, ತಬಲವಿಲ್ಲ. ಪುಟದೊಳಗೆ ನುಗ್ಗಿದವನು ಪುಡಿಗೆ ಜಾಗ ಮಾಡಲು ಎಲ್ಲವನ್ನೂ ಅಳಿಸಿದ್ದ. ಅತ್ತೆಯ ನಗು ಅಲ್ಲಿಗೆ ನಿಂತಿತು, ನಮ್ಮದೂ.

ನಾದಿನಿ ಫೋನ್ ರಿಪೇರಿ ಅಂಗಡಿಯವಳು. ಬಂದು ಅಮ್ಮನ ಎದುರು ಕೂತು ಬಿಡಿಸಿ ಹೇಳಿದಳು. "ಅಮ್ಮಾ, ಆ 'ಹೊಸದು' ನಿಲ್ದಾಣದ್ದಲ್ಲ. ಯಾರೋ ಅಲ್ಲೇ ಕೂತು ತನ್ನ ಚೀಲದಲ್ಲಿರೋ ಯಂತ್ರದಿಂದ ಹರಡಿರೋದು. ನೀನು ಬರೆದಿದ್ದು ನೆಟ್ಟಗೆ ಅವನ ಕೈಗೆ ಹೋಗಿದೆ."

"ನಿಲ್ದಾಣದ ಹೆಸರು ಇಟ್ಕೊಳ್ಳೋಕೆ ಅವನಿಗೆ ಅಪ್ಪಣೆ ಕೊಟ್ಟೋರು ಯಾರು?"

"ಅಪ್ಪಣೆ ಯಾರದ್ದೂ ಬೇಡಮ್ಮ. ವೈಫೈಗೆ ಯಾರ್ ಬೇಕಾದ್ರೂ ಏನ್ ಹೆಸರಾದ್ರೂ ಇಡಬಹುದು. ನಿಲ್ದಾಣದ ಅಸಲಿದು ಬರೀ ಫೋನ್ ನಂಬರ್ ಕೇಳುತ್ತೆ. ಇಮೇಲಿನ ಪಾಸ್‌ವರ್ಡ್ ಕೇಳ್ತು ಅಂದ್ರೆ ಅಲ್ಲೇ ಎದ್ದು ಬರ್ಬೇಕು. ಅದಿರ್ಲಿ, ಇಮೇಲಿಗೂ ಕಥೆ ಪುಟಕ್ಕೂ ಒಂದೇ ಪಾಸ್‌ವರ್ಡ್ ಇಟ್ಟಿದ್ಯಾ?"

"ಒಂದು ಮನೆಗೆ ಎಷ್ಟು ಬೀಗದಕೈ ಇಟ್ಕೊಳ್ಳೋದೇ?" ಎಂದರು ಅತ್ತೆ, ಆದರೆ ಮೆಲ್ಲಗೆ.

ನಾದಿನಿ ಕಂಪನಿಗೆ ಬರೆದು, ಗುರುತು ತೋರಿಸಿ, ಕಾದು, ಕಾಡಿ ಪುಟವನ್ನು ಕೊನೆಗೂ ಬಿಡಿಸಿಕೊಂಡಳು. ಈಗ ಒಂದೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್. ಹೊಸ ಫೋನಿನಿಂದ ಯಾರಾದರೂ ಒಳಗೆ ಬರಲು ನೋಡಿದರೆ ಅತ್ತೆಯ ಫೋನಿಗೆ ಗುಟ್ಟಿನ ಸಂಖ್ಯೆ ಬರಬೇಕು, ಅದನ್ನು ಹಾಕದೆ ಬಾಗಿಲು ತೆರೆಯದು. ಆ ಸಂಖ್ಯೆಯನ್ನು ಮಾತ್ರ ಜೋರಾಗಿ ಓದಬಾರದೆಂದು ನಾದಿನಿ ಅತ್ತೆಯಿಂದ ತನ್ನ ಮೇಲೆಯೇ ಆಣೆ ಹಾಕಿಸಿಕೊಂಡಿದ್ದಾಳೆ. ಅಳಿಸಿಹೋದ ಕಥೆಗಳು ಒಂದೊಂದಾಗಿ ಮರಳಿ ಬಂದವು, ಅದೇ ಈ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಕೊಡೆಯ ಕಥೆಯನ್ನು ದಾದಿಯೊಬ್ಬರು ಫೋನಿನಲ್ಲಿ ಇಳಿಸಿಕೊಂಡಿದ್ದರು, ಕಳುಹಿಸಿದರು. ಹಲ್ಲುಸೆಟ್ಟಿನದು ದೂರದ ರೂಟಿನ ಬಸ್ಸೊಂದರಿಂದ ಬಂತು. ತಬಲದ ಕಥೆಯನ್ನು ಕಳುಹಿಸಿದವಳು ನಾನು, ನಾದಿನಿಯ ಹೆಸರಿನಲ್ಲಿ. ಒಂದು ಕಥೆ ಮಾತ್ರ ಯಾರ ಬಳಿಯೂ ಇರಲಿಲ್ಲ. ಅದು ಒಂಟಿ ಚಪ್ಪಲಿಯ ಕಥೆ, ಮೋಸಹೋದ ದಿನವೇ ಹೇಳಿ ಏರಿಸಿದ್ದು. ಕೇಳುಗರು ಅರ್ಧ ಕೇಳುವಷ್ಟರಲ್ಲಿ ಅಳಿಸಿಹೋಗಿತ್ತು. ಒಂದೇ ಚಪ್ಪಲಿ ಹಾಕಿಕೊಂಡು ಬಸ್ ಹತ್ತಿದವಳು ಎಲ್ಲಿ ಇಳಿದಳೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಆದರೆ ನಾದಿನಿ ಬಿಡಿಸಿ ಹೇಳಿದ ದಿನ ಅತ್ತೆಗೆ ಹತ್ತಿದ್ದ ಚಿಂತೆ ಕಥೆಯದಲ್ಲ. "ಆ 'ಹೊಸದು' ಇನ್ನೂ ಅಲ್ಲೇ ಇದ್ಯಲ್ಲೇ, ಇವತ್ತು ಎಷ್ಟು ಜನ ಹತ್ತಿದ್ರೋ!" ಎಂದು ನನ್ನನ್ನು ಎಬ್ಬಿಸಿಕೊಂಡು ವ್ಯವಸ್ಥಾಪಕರಾದ ತಮ್ಮ ಕೋಣೆಗೆ ಬಂದರು. ಅಳತೆ ಟೇಪು ಕೊರಳಲ್ಲಿ ಹಾಗೇ ಇತ್ತು, ನಾನು ಅವರ ಹಿಂದೆ ನಿಂತಿದ್ದೆ. ತಾವು ಫೋನಿನಿಂದ ತಲೆಯೆತ್ತದೆ ಆಲಿಸಿದಿರಿ.

"ಅಮ್ಮಾ, ಇಂಟರ್ನೆಟ್ ಬರ್ತಿದ್ಯೋ ಇಲ್ವೋ?" ಎಂದಿರಿ.

"ಬರ್ತಿದೆ ಸ್ವಾಮಿ. ಆದ್ರೆ ಅದು ನಿಮ್ದಲ್ಲ."

"ಬರ್ತಿದೆ ತಾನೆ? ಮತ್ತೇನು ತೊಂದ್ರೆ? ಬರೆದು ಕೊಡಿ, ತಾಂತ್ರಿಕ ವಿಭಾಗಕ್ಕೆ ಕಳಿಸ್ತೀನಿ. ಅವರು ಮುಂದಿನ ತಿಂಗಳು ಬರ್ತಾರೆ."

ಮಾನ್ಯರೇ, ಜೇಬುಗಳ್ಳ ಪ್ಲಾಟ್‌ಫಾರ್ಮಿನಲ್ಲಿ ಓಡಾಡುತ್ತಿದ್ದಾನೆಂದರೆ ಮುಂದಿನ ತಿಂಗಳು ಬನ್ನಿ ಎನ್ನುತ್ತೀರಾ? ಕಾಣುವ ಕೈ ಜೇಬಿಗೆ ಬಿದ್ದರೆ ಪೊಲೀಸು, ಕಾಣದ ಕೈ ಬಿದ್ದರೆ ತಾಂತ್ರಿಕ ವಿಭಾಗವೇ?

ತಮ್ಮ ಕೋಣೆಯಿಂದ ಹೊರಬಂದರೆ ಪಕ್ಕದ್ದೇ ಮೈಕಿನ ಕೋಣೆ. ಅತ್ತೆ ನಿವೃತ್ತರಾದ ಮೇಲೆ ಬಸ್ಸುಗಳನ್ನು ಕಂಪ್ಯೂಟರೇ ಕೂಗುತ್ತದೆ, ಅಲ್ಲಿ ಯಾರೂ ಕೂರುವುದಿಲ್ಲ. ತುರ್ತಿಗೆಂದು ಮೈಕೊಂದನ್ನು ಗವಸು ಹಾಕಿ ಇಟ್ಟಿದ್ದಾರೆ. ಆ ಗವಸು ನಾನೇ ಹೊಲಿದದ್ದು, ಅತ್ತೆಯ ಬೀಳ್ಕೊಡುಗೆಯ ದಿನ ಕೊಟ್ಟದ್ದು. ಕೋಣೆಗೆ ಬೀಗವಿರಲಿಲ್ಲ. ತಮ್ಮ ಆಡಳಿತದಲ್ಲಿ ವೈಫೈಯಂತೆ ಕೋಣೆಯೂ ಸರ್ವರಿಗೂ ಮುಕ್ತ. ಅತ್ತೆ ಹೋಗಿ ಗವಸು ತೆಗೆದು, ಮಡಿಸಿ ನನ್ನ ಕೈಗೆ ಕೊಟ್ಟು, ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡರು. ತಡೆಯಬೇಕಾಗಿತ್ತೇನೋ. ತಡೆಯಲಿಲ್ಲ. ತಮಗೆ ಗೊಂದಲವೆನಿಸಿದ್ದು ಗೊಂದಲವೇ ಎಂದು ಜನರೇ ತೀರ್ಮಾನಿಸಲಿ, ಅತ್ತೆ ಹೇಳಿದ್ದನ್ನು ಇದ್ದಂತೆಯೇ ಇಲ್ಲಿ ಕೊಡುತ್ತಿದ್ದೇನೆ:

"ಪ್ರಯಾಣಿಕರ ಗಮನಕ್ಕೆ. 'ನಿಲ್ದಾಣ ಉಚಿತ ಹೊಸದು' ಎಂಬ ಹೆಸರಿನಲ್ಲಿ ಬರುತ್ತಿರುವ ಇಂಟರ್ನೆಟ್ ನಮ್ಮ ನಿಲ್ದಾಣದ್ದಲ್ಲ. ದಯವಿಟ್ಟು ಅದನ್ನು ಹತ್ತಬೇಡಿ. ಅದು ಎಲ್ಲಿಗೆ ಹೋಗುತ್ತದೆಂದು ಅದರ ಚಾಲಕನಿಗೆ ಮಾತ್ರ ಗೊತ್ತು. ಈಗಾಗಲೇ ಹತ್ತಿರುವವರು ಕೂಡಲೇ ಇಳಿದು, ಆ ಹೆಸರನ್ನು ಫೋನಿನಿಂದ ಅಳಿಸಿ. ಅಲ್ಲಿ ಪಾಸ್‌ವರ್ಡ್ ಬರೆದವರು ಸ್ವಂತ ಇಂಟರ್ನೆಟ್ಟಿನಲ್ಲಿ ಅದನ್ನು ಬದಲಾಯಿಸಿ. ಹೆಸರು ಯಾವುದೆಂದು ವಿಚಾರಣಾ ಕೌಂಟರಿನಲ್ಲಿ ಕೇಳದೆ ಯಾವ ವೈಫೈಯನ್ನೂ ಹತ್ತಬೇಡಿ. ಬ್ಯಾಂಕಿನ ವ್ಯವಹಾರವನ್ನು ನಿಲ್ದಾಣದ ಇಂಟರ್ನೆಟ್ಟಿನಲ್ಲಿ ಮಾಡಬೇಡಿ, ಮನೆಗೆ ಹೋಗಿ ಮಾಡಿ, ಬ್ಯಾಂಕು ಎಲ್ಲಿಗೂ ಓಡಿಹೋಗುವುದಿಲ್ಲ. ಏನನ್ನಾದರೂ ಇಳಿಸಿಕೊಳ್ಳಿ ಎಂದು ವೈಫೈ ಕೇಳಿದರೆ ಇಳಿಸಿಕೊಳ್ಳಬೇಡಿ. ಕೆಲಸ ಮುಗಿದ ಮೇಲೆ ವೈಫೈ ಆರಿಸಿ, ಇಲ್ಲವಾದರೆ ಅದು ತಾನಾಗಿ ಕಂಡಕಂಡಲ್ಲಿ ಹತ್ತುತ್ತದೆ. ಪಾಸ್‌ವರ್ಡನ್ನು ಯಾರೂ ಜೋರಾಗಿ ಓದಬೇಡಿ. ಮತ್ತೊಮ್ಮೆ..."

ಇಡೀ ನಿಲ್ದಾಣ ಫೋನು ಹೊರತೆಗೆಯಿತು. ಅತ್ತೆ 'ಮತ್ತೊಮ್ಮೆ' ಎಂದದ್ದನ್ನು ಪೂರ್ತಿ ಮುಗಿಸುವ ಮೊದಲೇ 'ಹೊಸದು' ಎಲ್ಲರ ಫೋನಿನಿಂದ ಮಾಯವಾಗಿತ್ತು. ಯಾರೋ ಎದ್ದು, ಚೀಲ ಹೆಗಲಿಗೇರಿಸಿ, ಯಾವುದೋ ಬಸ್ಸು ಹತ್ತಿ ಹೋಗಿರಬೇಕು. ಇಂದಿಗೂ ಅದು ಮರಳಿ ಬಂದಿಲ್ಲ. ತಾಂತ್ರಿಕ ವಿಭಾಗಕ್ಕೆ ತಿಂಗಳು ಬೇಕಾಗಿದ್ದ ಕೆಲಸವನ್ನು ನನ್ನ ಅತ್ತೆ ಒಂದು ಉಸಿರಿನಲ್ಲಿ ಮಾಡಿದರು. ಅದಕ್ಕೆ ತಾವು ಕೊಟ್ಟ ಬಹುಮಾನ ಈ ನೋಟಿಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತಿಗೆ ಜ್ವರ ಬಂದಿದೆಯೆಂದು ಕೂಗಿ ಹೇಳಿದವರಿಗೇ ಬರೆ.

ನೋಟಿಸು ಬಂದ ಮೇಲೆ ನಮ್ಮ ಮನೆಯಲ್ಲಿ ಆಗಿರುವುದನ್ನೂ ತಿಳಿಸಿಬಿಡುತ್ತೇನೆ. ಅತ್ತೆ ಮಹಡಿಯ ಕಿಟಕಿಯಲ್ಲಿ ಕೂತು ನಿಲ್ದಾಣ ನೋಡುತ್ತಾರೆ. ಕಥೆ ನಿಂತಿದೆ. ಒಂಟಿ ಚಪ್ಪಲಿಯವಳು ಎಲ್ಲಿ ಇಳಿದಳೆಂದು ಕೇಳುಗರು ದಿನಾ ಕೇಳುತ್ತಾರೆ. ಆ ಬೆಂಚಿನಲ್ಲಿ ಕೂರದೆ ನೆನಪಾಗುವುದಿಲ್ಲ ಎನ್ನುತ್ತಾರೆ. ನಾನು ಹೊಲಿಗೆ ನಿಲ್ಲಿಸುತ್ತೇನೆ, ಇಲ್ಲೇ ಹೇಳಿ ಎಂದೆ. ನಕ್ಕು ನನ್ನ ತಲೆ ಸವರಿದರು, ಅಷ್ಟೆ. ನಿನ್ನೆ ಅಡುಗೆಮನೆಯಿಂದ "ಊಟ ಸಿದ್ಧವಾಗಿದೆ" ಎಂದರು. ನಾವು ಕಾದೆವು. ಎರಡನೇ ಸಲ ಹೇಳಲೇ ಇಲ್ಲ. ಮದುವೆಯಾಗಿ ಬಂದಾಗಿನಿಂದ ಆ ಎರಡನೇ ಸಲಕ್ಕೆ ನಾನು ಹಲ್ಲು ಕಚ್ಚಿದವಳು. ನಿನ್ನೆ ಅದನ್ನೇ ಕೇಳಲು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ನನ್ನ ಅತ್ತೆಯನ್ನು ಕಂಡರೆ ನನಗೆ ಇಷ್ಟು ಪ್ರೀತಿಯಿದೆಯೆಂದು ತೋರಿಸಿಕೊಟ್ಟದ್ದಕ್ಕೆ ತಮಗೆ ಕೃತಜ್ಞಳು, ಆದರೆ ಈ ಉಪಕಾರ ಇಷ್ಟಕ್ಕೇ ಸಾಕು.

ಆದ್ದರಿಂದ ನನ್ನ ಬೇಡಿಕೆ. ನೋಟಿಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ದ್ವಾರದ ಫಲಕದಲ್ಲಿ ತಮ್ಮ ಮುಖವನ್ನು ಕೊಂಚ ಇಕ್ಕಟ್ಟು ಮಾಡಿ, ನಿಜವಾದ ವೈಫೈಯ ಹೆಸರನ್ನೂ ಅದು ಫೋನ್ ನಂಬರಿನ ಹೊರತು ಬೇರೇನನ್ನೂ ಕೇಳುವುದಿಲ್ಲವೆಂಬುದನ್ನೂ ದಪ್ಪ ಅಕ್ಷರದಲ್ಲಿ ಬರೆಸಿ. ಬಟ್ಟೆ ಕಡಿಮೆ ಬಿದ್ದಾಗ ಎಲ್ಲಿ ಒಂದಿಷ್ಟು ಹಿಡಿದರೆ ಎಲ್ಲಿ ಒಂದಿಷ್ಟು ಸಿಗುತ್ತದೆಂದು ಬೇಕಾದರೆ ನಾನು ಬಂದು ತೋರಿಸುತ್ತೇನೆ. ಮೂಲೆ ಬೆಂಚಿನವರೆಗೂ ಅಸಲಿ ಇಂಟರ್ನೆಟ್ ಬರುವಂತೆ ಮಾಡಿ, ನಕಲಿಗೆ ಅಲ್ಲಿ ಕೆಲಸವೇ ಇರುವುದಿಲ್ಲ. ಮತ್ತು ನನ್ನ ಅತ್ತೆ ಹೇಳಿದ ಆ ಎಚ್ಚರಿಕೆಯ ಮಾತು ದಿನವೂ ಮೈಕಿನಲ್ಲಿ ಬರಲಿ.

ಅಪರಿಚಿತ ಧ್ವನಿ ಬೇಡವೆನ್ನುವಿರೇನೋ. ತಾವು ಹೊಸಬರು, ಗೊತ್ತಿಲ್ಲದಿದ್ದರೆ ತಪ್ಪಲ್ಲ. ಅತ್ತೆ ನಿವೃತ್ತರಾಗುವ ಮೊದಲು ತಮ್ಮ ಇಲಾಖೆಯವರು ಅವರನ್ನು ಮೈಕಿನ ಕೋಣೆಯಲ್ಲಿ ಕೂರಿಸಿ, ಎಲ್ಲ ಊರುಗಳ ಹೆಸರು, ಎಲ್ಲ ಸಂಖ್ಯೆಗಳು, 'ಪ್ಲಾಟ್‌ಫಾರ್ಮ್', 'ತಡವಾಗಿ', 'ಹೊರಡಲಿದೆ' ಎಂಬ ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಹೇಳಿಸಿ ಮುದ್ರಿಸಿಕೊಂಡರು. ತಮ್ಮ ಕಂಪ್ಯೂಟರ್ ದಿನವಿಡೀ ಆ ತುಂಡುಗಳನ್ನು ಸೇರಿಸಿ ಹೊಲಿದು ಕೂಗುತ್ತಿದೆ. ಹೊಲಿಗೆ ಎಲ್ಲೆಲ್ಲಿ ಬಿದ್ದಿದೆಯೆಂದು ದರ್ಜಿಯಾದ ನನ್ನ ಕಿವಿಗೆ ತಿಳಿಯುತ್ತದೆ, ಆದರೆ ಬಟ್ಟೆ ಒಂದೇ. ಅಂದು ಮೈಕಿನಲ್ಲಿ ಮಾತು ಬಂದಾಗ ನಿಲ್ದಾಣದಲ್ಲಿ ಒಬ್ಬರೂ ಗಾಬರಿಯಾಗಲಿಲ್ಲ, ದಿನಾ ಕೇಳುವ ಧ್ವನಿ ಹೇಳಿದ್ದೆಂದು ಎಲ್ಲರೂ ಮರುಮಾತಿಲ್ಲದೆ ಫೋನು ತೆಗೆದರು. ಆ ಧ್ವನಿ ಅಪರಿಚಿತವಾದದ್ದು ತಮಗೊಬ್ಬರಿಗೇ.

ಈ ಪತ್ರ ಬರೆಯುತ್ತಿರುವಾಗಲೂ ಅದು ರಸ್ತೆ ದಾಟಿ ನನ್ನ ಅಂಗಡಿಯೊಳಕ್ಕೆ ಬರುತ್ತಿದೆ. ಅತ್ತೆ ಮೇಲೆ ಕಿಟಕಿಯಲ್ಲಿ ಮಾತಿಲ್ಲದೆ ಕೂತಿದ್ದಾರೆ, ಕೆಳಗೆ ತಮ್ಮ ನಿಲ್ದಾಣವನ್ನು ಅವರೇ ನಡೆಸುತ್ತಿದ್ದಾರೆ. ಒಂದೋ ಅವರನ್ನು ಒಳಗೆ ಬಿಡಿ, ಇಲ್ಲವೇ ಅವರ ಧ್ವನಿಯನ್ನೂ ಹೊರಗೆ ಹಾಕಿ, ಬಸ್ಸುಗಳನ್ನು ತಾವೇ ಕೂಗಿ. ಎರಡೆರಡು ಸಲ ಕೂಗಬೇಕು, ನೆನಪಿರಲಿ.

ಇಂತಿ,
ಊಟಕ್ಕೆ ಎರಡನೇ ಸಲ ಕರೆಯುವುದನ್ನೇ ಕಾಯುತ್ತಿರುವ,
ನಿಲ್ದಾಣದೆದುರಿನ ದರ್ಜಿ, ಅಪರಿಚಿತ ಧ್ವನಿಯವರ ಸೊಸೆ

(ನನ್ನ ಪಾಸ್‌ವರ್ಡನ್ನೂ ಬದಲಾಯಿಸಿದ್ದೇನೆ. ಯಾರಿಗೂ ಓದಿ ಹೇಳಿಲ್ಲ.)